ನಾವು ಕೇಳದೇ ಹೋದ ಹೆಸರು

ಪ್ರೀತಿಯ ಸೇನಾಪತಿ,

ರಾಬಿನ್‌ಸನ್ ಕ್ರೂಸೋ ಕಥೆ ಓದಿ ನಾವಿಬ್ಬರೂ ದ್ವೀಪದ ನಕ್ಷೆ ಬರೆದಿದ್ದೆವಲ್ಲ, ಆ ಪುಸ್ತಕವನ್ನು ಹೋದ ವಾರ ಪೂರ್ತಿಯಾಗಿ ಓದಿದೆ. ಮರಳಿನ ಮೇಲೆ ಆ ಒಂಟಿ ಹೆಜ್ಜೆಗುರುತು ಮತ್ತೆ ಬಂತು. ಆಗ ಎಷ್ಟು ಹೆದರಿದ್ದೆವು! (ಕೊಡೆಯ ಸಂಗತಿ ಬರೆಯುವುದಿಲ್ಲ, ಎಲ್ಲರೂ ಓದುತ್ತಾರೆ.) ಈ ಸಲ ಭಯವಾಗಲಿಲ್ಲ, ಸಂಕಟವಾಯಿತು. ಆ ಹೆಜ್ಜೆಗುರುತಿನ ಜನ ಮೊದಲಿನಿಂದ ದೋಣಿಯಲ್ಲಿ ಬಂದುಹೋಗುತ್ತಿದ್ದ ದ್ವೀಪ ಅದು. ಹಡಗು ಒಡೆದು ಬಂದು ಬಿದ್ದವನು ಕ್ರೂಸೋ. ಆದರೂ ನಮಗೆ ಹೊರಗಿನವರಾಗಿ ಕಂಡವರು ಅವರೇ, ಅಲ್ವಾ?

ನಾವು ಓದಿದ ಮಕ್ಕಳ ಪುಸ್ತಕದಲ್ಲಿ ಇಲ್ಲದ್ದು ಎಷ್ಟೊಂದಿದೆ ಗೊತ್ತಾ? ಅವನ ಹಡಗು ಹೊರಟಿದ್ದೇ ಆಫ್ರಿಕಾದಿಂದ ಗುಲಾಮರನ್ನು ತರಲು. ಅದಕ್ಕೂ ಮೊದಲು, ತಾನು ಸೆರೆಯಿಂದ ತಪ್ಪಿಸಿಕೊಂಡಾಗ ಜೊತೆಗಿದ್ದ ಜೂರಿ ಎಂಬ ಹುಡುಗನನ್ನು 60 ಬೆಳ್ಳಿ ನಾಣ್ಯಕ್ಕೆ ಕೊಟ್ಟುಬಿಟ್ಟಿದ್ದ. 1719ರಲ್ಲಿ ಡೇನಿಯಲ್ ಡೆಫೊ ಇದನ್ನೆಲ್ಲ ಬಚ್ಚಿಡದೆ ಬರೆದಿದ್ದಾನೆ. ಇನ್ನು ದ್ವೀಪದಲ್ಲಿ ಕ್ರೂಸೋ ಸಾವಿನಿಂದ ಉಳಿಸಿ ಆಳಾಗಿಟ್ಟುಕೊಂಡ ಫ್ರೈಡೇ. ನಿನ್ನ ಹೆಸರೇನು ಎಂದು ಕ್ರೂಸೋ ಅವನನ್ನು ಕೇಳುವುದೇ ಇಲ್ಲ. ಶುಕ್ರವಾರ ಸಿಕ್ಕಿದ, ಅದಕ್ಕೆ ಫ್ರೈಡೇ. ತನ್ನನ್ನು 'ಧಣಿ' ಅನ್ನಲು ಕಲಿಸುತ್ತಾನೆ. ನಾವೂ ಕೇಳಲಿಲ್ಲ ನೋಡು. ನಕ್ಷೆಯಲ್ಲಿ ಆಡುಗಳಿಗೂ ಹೆಸರಿಟ್ಟಿದ್ದೆವು.

ಬಂದೂಕಿನಿಂದ ನೆಲ ಹಿಡಿಯಬಹುದು. ನೆಲ ಕಳೆದುಕೊಂಡವರೂ ಹಿಡಿದವನ ಪರವಾಗಿ ಹೆದರಬೇಕು ಅಂದರೆ ಕಥೆ ಬೇಕು. ಒಳ್ಳೆಯ ಯುರೋಪಿಯನ್ ಗ್ರಂಥಾಲಯದ ಒಂದು ಕಪಾಟು ಭಾರತ, ಅರೇಬಿಯಾಗಳ ಇಡೀ ಸಾಹಿತ್ಯಕ್ಕೆ ಸಮ ಎಂದು 1835ರಲ್ಲಿ ಬ್ರಿಟಿಷ್ ಅಧಿಕಾರಿ ಮೆಕಾಲೆ ಬರೆದ. ಸಂಸ್ಕೃತ, ಅರಬಿ ಎರಡೂ ಬರುವುದಿಲ್ಲ ಎಂದು ಅವನೇ ಒಪ್ಪಿಕೊಂಡಿದ್ದ. ಅದನ್ನು ನಾವು ನಂಬಿದೆವಲ್ಲ, ಅದು ಜಾಸ್ತಿ ಕಾಡುತ್ತದೆ.

ಹೇಳಬಾರದು ಅಂದುಕೊಂಡಿದ್ದೆ. ಮೊದಲ ಕೆಲಸದಲ್ಲಿ ನಾನು ವಿದೇಶದವರ ಜೊತೆ ಫೋನಿನಲ್ಲಿ ಮಾತಾಡಬೇಕಿತ್ತು. ನನ್ನ ಹೆಸರು ಕಷ್ಟ ಎಂದು ಯಾರೂ ಹೇಳಿರಲಿಲ್ಲ. ಅವರು ಕೇಳುವ ಮೊದಲೇ ನಾನೇ ಮೊಟಕು ಮಾಡಿದೆ. ಎಂಟು ವರ್ಷ ಆ ತುಂಡಿಗೇ ಓಗೊಟ್ಟೆ. ಅಜ್ಜನ ಹೆಸರು ಅದು. ಒಂದು ಸಲ ಅಮ್ಮ ಪಕ್ಕದಲ್ಲೇ ಕೂತಿದ್ದಳು. ಕೇಳಿಸಿಕೊಂಡು ಸುಮ್ನೆ ಎದ್ದು ಒಳಗೆ ಹೋದಳು.

ಕೀನ್ಯಾದ ಲೇಖಕ ಗೂಗಿ ವಾ ಥಿಯೊಂಗೊ ಮೊದಲು ಜೇಮ್ಸ್ ಗೂಗಿ ಎಂದು ಬರೆಯುತ್ತಿದ್ದರು. ಆ ಜೇಮ್ಸ್ ಅನ್ನು ಬಿಟ್ಟುಬಿಟ್ಟರು. 1977ರಲ್ಲಿ ಹಳ್ಳಿಯವರ ಜೊತೆ ತಮ್ಮ ತಾಯ್ನುಡಿ ಗಿಕುಯುವಿನಲ್ಲಿ ನಾಟಕ ಆಡಿಸಿದ ಮೇಲೆ ಸೆರೆಗೆ ಹಾಕಿದರು. ಹಾಕಿದ್ದು ಸ್ವತಂತ್ರ ಕೀನ್ಯಾದ ಸರ್ಕಾರವೇ. ಸೆರೆಮನೆಯಲ್ಲಿ ಟಾಯ್ಲೆಟ್ ಪೇಪರಿನ ಮೇಲೆ, ಗಿಕುಯುವಿನಲ್ಲೇ, ಕಾದಂಬರಿ ಬರೆದರು. ನನಗೆ ಫೋನಿನಲ್ಲಿ ನಾಲ್ಕು ಅಕ್ಷರ ಪೂರ್ತಿ ಹೇಳಲು ಆಗಲಿಲ್ಲ.

ಸರಿ, ತುಂಬಾ ಬರೆದೆ. ನಕ್ಷೆ ನಿನ್ನ ಹತ್ತಿರವೇ ಇರಬೇಕು, ಫೋಟೋ ಕಳಿಸು. ಕೊಡೆ ಎಲ್ಲಿಟ್ಟಿದ್ದೆವು ನೋಡಬೇಕು. ಫೋನ್ ಮಾಡಿದಾಗ ನನ್ನ ಪೂರ್ತಿ ಹೆಸರು ಹಿಡಿದು ಕೂಗು. ಅಷ್ಟು ಉದ್ದ ಬೇಡ ಅನಿಸಿದರೆ ಹಳೆಯದೇ ಇದೆಯಲ್ಲ.

ನಿನ್ನ
ಮಂತ್ರಿ