ಪೇಟಿಯ ವಾರಸುದಾರನಿಗೆ

ಪ್ರಿಯ ಪೇಟಿ ಮಾಸ್ತರ,

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ. ಹೀಗೆ ನಾಲ್ಕು ಜನರೆದುರು ಬರೆದರೆ ಬೈಯಲು ನಿನಗೆ ತುಸು ಸಂಕೋಚವಾದೀತು ಎಂಬ ಲೆಕ್ಕಾಚಾರ ನನ್ನದು. ಎಮ್ಮೆಯ ಶ್ರುತಿಯ ವಿಷಯ ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ನಿನ್ನೆ ರಾತ್ರಿ ಹಿಂದಿ ಚಿತ್ರಗಳ ಸಂಗೀತ ನಿರ್ದೇಶಕ ನೌಷಾದ್ ಅವರ ಮೊದಲ ದಿನಗಳ ಬಗ್ಗೆ ಓದುತ್ತ ಕುಳಿತಿದ್ದೆ. ಲಖನೌದ ವಾದ್ಯದ ಅಂಗಡಿಯಲ್ಲಿ ಹಾರ್ಮೋನಿಯಂ ಪೇಟಿ ರಿಪೇರಿ ಮಾಡುತ್ತಿದ್ದ ಹುಡುಗ. ಮನೆ ಬೇಕೋ ಸಂಗೀತ ಬೇಕೋ ಎಂದು ಅಪ್ಪ ಕೇಳಿದಾಗ ಮನೆ ಬಿಟ್ಟ. 1937ರಲ್ಲಿ ಮುಂಬೈ ಸೇರಿ, ದಾದರಿನ ಬ್ರಾಡ್‌ವೇ ಚಿತ್ರಮಂದಿರದೆದುರಿನ ಫುಟ್‌ಪಾತಿನ ಮೇಲೆ ಮಲಗಿದ. ಸ್ಟುಡಿಯೋ ವಾದ್ಯವೃಂದದಲ್ಲಿ ಪಿಯಾನೋ, ಆಮೇಲೆ ಸಂಗೀತ ನಿರ್ದೇಶಕ ಖೇಮಚಂದ್ ಪ್ರಕಾಶರ ಕೈಕೆಳಗೆ ಸಹಾಯಕ. 1940ರಲ್ಲಿ ಸ್ವಂತವಾಗಿ ಸಂಗೀತ ಕೊಡಲು ‘ಪ್ರೇಮ್ ನಗರ್’ ಚಿತ್ರ ಸಿಕ್ಕಿತು; ಹೆಸರು ಮನೆಮಾತಾಗಲು 1944ರ ‘ರತನ್’ ಬರಬೇಕಾಯಿತು. 1952ರಲ್ಲಿ ಅವನದೇ ಸಂಗೀತದ ‘ಬೈಜು ಬಾವ್ರಾ’ ತೆರೆ ಕಂಡದ್ದು ಅದೇ ಬ್ರಾಡ್‌ವೇಯಲ್ಲಿ.

ಇದೆಲ್ಲ ನೀನೇ ನನಗೆ ಹೇಳಿದ್ದು. ನಿದ್ದೆ ಕೆಡಿಸಿದ್ದು ನೌಷಾದರ ಮದುವೆಯ ಪ್ರಸಂಗ. ಸಂಗೀತದವನೆಂಬುದನ್ನು ಮುಚ್ಚಿಟ್ಟು, ಹುಡುಗ ಮುಂಬೈಯಲ್ಲಿ ದರ್ಜಿ ಎಂದು ಹೆಣ್ಣಿನ ಕಡೆಯವರಿಗೆ ಹೇಳಿದ್ದರಂತೆ. ಬ್ಯಾಂಡಿನವರು ‘ರತನ್’ ಹಾಡುಗಳನ್ನೇ ಬಾರಿಸುತ್ತಿದ್ದರೂ ಮದುಮಗ ತುಟಿ ಬಿಚ್ಚಲಿಲ್ಲ. ನಾನು ನಕ್ಕೆ, ನಗು ಅರ್ಧಕ್ಕೇ ನಿಂತಿತು.

ಮೊನ್ನೆ ನನ್ನ ಮಗಳನ್ನು ನೋಡಲು ಸೋಲಾಪುರದ ಕಡೆಯವರು ವಿಜಯಪುರಕ್ಕೆ ಬಂದಿದ್ದರು. ಅವಲಕ್ಕಿ ತಿನ್ನುತ್ತ ಹುಡುಗನ ಅಪ್ಪ ಕಪಾಟಿನ ಮೇಲಿನ ಪೇಟಿ ನೋಡಿ, ‘ಯಾರು ಬಾರಿಸುತ್ತೀರಿ?’ ಎಂದರು. ‘ಹಿಂದಿನ ಬಾಡಿಗೆಯವರು ಬಿಟ್ಟುಹೋದದ್ದು’ ಎಂದುಬಿಟ್ಟೆ. ನಾವಿಬ್ಬರೂ ಒಂದು ಶ್ರಾವಣವಿಡೀ ಭಜನೆಗೆ ಬಾರಿಸಿ, ಆ ದುಡ್ಡಿನಲ್ಲಿ ಕೊಂಡ ಪೇಟಿ ಅದು! ನನ್ನ ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ದರ್ಜಿ ಎಂದು ಹೇಳುವಷ್ಟು ಮರ್ಯಾದೆಯನ್ನೂ ನಾನು ನಮಗೆ ಕೊಡಲಿಲ್ಲ.

ಇಷ್ಟಕ್ಕೇ ಪತ್ರ ಮುಗಿಸಬೇಕಿತ್ತು. ಆದರೆ ಕೈ ನಿಲ್ಲುತ್ತಿಲ್ಲ. ಇಬ್ಬರೂ ಮುಂಬೈಗೆ ಹೊರಟ ದಿನ ಅವ್ವನಿಗೆ ಜ್ವರ ಎಂದು ಹೇಳಿ ನಿಲ್ದಾಣದಿಂದ ಮರಳಿದೆನಲ್ಲ? ಅವಳಿಗೆ ಜ್ವರವಿರಲಿಲ್ಲ. ದಾರಿಗೆಂದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟವಳೇ ಅವಳು. ಜ್ವರ ಬಂದದ್ದು ನನ್ನ ಧೈರ್ಯಕ್ಕೆ. ನೀನೊಬ್ಬನೇ ಹೋದೆ, ಎರಡು ವರ್ಷ ಅಲೆದು ಬಂದೆ. ಒಮ್ಮೆಯೂ ನನ್ನನ್ನು ಕೇಳಲಿಲ್ಲ.

ಆ ಬುತ್ತಿಯನ್ನು ಗೋಳಗುಮ್ಮಟದ ಹುಲ್ಲಿನ ಮೇಲೆ ಕುಳಿತು ಒಬ್ಬನೇ ತಿಂದೆ. ನಿನ್ನ ಪಾಲನ್ನೂ. ಚಟ್ನಿ ಮಾತ್ರ ಬಹಳ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಪೇಟಿಯ ಬಿಳಿ ಮನೆಯೊಂದು ಒತ್ತಿದರೆ ಮೇಲೇಳುವುದಿಲ್ಲ, ಥೇಟ್ ನನ್ನಂತೆ. ಬರುವಾಗ ಸ್ಕ್ರೂ ಡ್ರೈವರ್ ತಾ.

ನಿನ್ನ,
ಹಿಂದಿನ ಬಾಡಿಗೆಯವನು