ಸಾಲವನ್ನು ತಲೆಗೆ ಹಂಚಿದರೆ ಲೆಕ್ಕ ಮುಗಿಯುವುದಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

2025ರ ಮಾರ್ಚ್ 7ರಂದು ಮುಖ್ಯಮಂತ್ರಿಗಳು 2025-26ರ ಬಜೆಟ್ ಮಂಡಿಸಿದಾಗಿನಿಂದ ಮಂಡ್ಯದಲ್ಲಿ ಎಲ್ಲಿ ಹೋದರೂ ಒಂದೇ ಮಾತು: ‘ಪ್ರತಿ ಕನ್ನಡಿಗನ ತಲೆ ಮೇಲೆ ಲಕ್ಷ ರೂಪಾಯಿಗೂ ಜಾಸ್ತಿ ಸಾಲ ಇದೆ.’ ಲೆಕ್ಕವೇನೂ ಸುಳ್ಳಲ್ಲ. 2026ರ ಮಾರ್ಚ್ ಮುಗಿಯುವ ಹೊತ್ತಿಗೆ ರಾಜ್ಯದ ಒಟ್ಟು ಸಾಲ 7,64,655 ಕೋಟಿ ರೂಪಾಯಿ ಆಗುತ್ತದೆ ಎಂದು ಬಜೆಟ್ಟೇ ಹೇಳುತ್ತದೆ. ಸುಮಾರು ಏಳು ಕೋಟಿ ಜನಕ್ಕೆ ಹಂಚಿದರೆ ಅಷ್ಟಾಗುತ್ತದೆ. ಆದರೆ ಇದರಿಂದ ಭಯ ಹುಟ್ಟುತ್ತದೆಯೇ ಹೊರತು ಏನೂ ಅರ್ಥವಾಗುವುದಿಲ್ಲ. ಸರ್ಕಾರದ ಲೆಕ್ಕವನ್ನು ಮನೆ ಲೆಕ್ಕದ ಹಾಗೆ ನೋಡಬೇಕು ಅನ್ನುವವರು ಸಾಲವನ್ನಷ್ಟೇ ಅಲ್ಲ, ಪೂರ್ತಿ ಲೆಕ್ಕ ನೋಡಬೇಕು ಅಲ್ವಾ?

ಬಜೆಟ್ಟಿನ ಅಂಕಿಗಳಿಂದ ಕೋಟಿ ಅನ್ನುವುದನ್ನು ತೆಗೆದುಬಿಡೋಣ. ಒಂದು ಮನೆಗೆ ವರ್ಷಕ್ಕೆ 2,92,477 ರೂಪಾಯಿ ಆದಾಯ. ಅಂದರೆ ತಿಂಗಳಿಗೆ ಇಪ್ಪತ್ನಾಲ್ಕು ಸಾವಿರದ ಚಿಲ್ಲರೆ. ಮನೆ ನಡೆಸುವ ಖರ್ಚು ವರ್ಷಕ್ಕೆ 3,11,739. ಇದರಲ್ಲೇ ಹಳೇ ಸಾಲದ ಬಡ್ಡಿ ಸುಮಾರು 45 ಸಾವಿರ. ಹೊಸದಾಗಿ ಏನಾದರೂ ಕಟ್ಟಲು, ಕೊಳ್ಳಲು 71,336. ಹಳೇ ಸಾಲದ ಅಸಲಿಗೆ 26,474. ಎಲ್ಲಾ ಸೇರಿ 4,09,549. ಕಡಿಮೆ ಬಿದ್ದಿದ್ದಕ್ಕೆ ಆ ವರ್ಷ ಮಾಡುವ ಹೊಸ ಸಾಲ 1,16,000. ಇದು ನಮ್ಮ ರಾಜ್ಯದ 2025-26ರ ಬಜೆಟ್.

ಕಟ್ಟುವುದಕ್ಕೆ ಇಟ್ಟ 71,336ರ ಬಗ್ಗೆ ನನಗೆ ತಕರಾರಿಲ್ಲ. ಅದಕ್ಕೆ ಸಾಲ ತಂದರೂ ಸರಿಯೇ. ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್) ಕೆಲಸ 1911ರಲ್ಲಿ ಶುರುವಾಗಿ, ಮುಗಿಯುವಷ್ಟರಲ್ಲಿ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಇಷ್ಟೊಂದು ದುಡ್ಡು ಯಾಕೆ ಎಂದು ಮೈಸೂರು ಸಂಸ್ಥಾನದ ಒಳಗೇ ಕೇಳಿದವರಿದ್ದರು. ಆ ನೀರು ನಾಲೆಗೆ ಬಂದಿದ್ದಕ್ಕೇ ಮಂಡ್ಯದಲ್ಲಿ ಕಬ್ಬಾಯಿತು, 1933ರಲ್ಲಿ ಸಕ್ಕರೆ ಕಾರ್ಖಾನೆ ಆಯಿತು. ಇವತ್ತಿಗೂ ನಾವು ಅದರಲ್ಲೇ ಉಣ್ಣುತ್ತಿದ್ದೇವೆ.

ನನ್ನ ಚಿಂತೆ ಇರುವುದು ಇನ್ನೊಂದು ಅಂಕಿಯ ಬಗ್ಗೆ. ಮನೆ ನಡೆಸುವ ಖರ್ಚಿನಲ್ಲಿ ಆದಾಯ ಕಳೆಯಿರಿ, 19,262 ಉಳಿಯುತ್ತದೆ. ಬಜೆಟ್ ಭಾಷೆಯಲ್ಲಿ ಇದು ರಾಜಸ್ವ ಕೊರತೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ತಿಂಗಳ ದಿನಸಿಗೆ ಮಾಡಿದ ಕೈಸಾಲ. ಹೀಗೆ ತಂದ ದುಡ್ಡಿಗೆ ಕಟ್ಟೆಯೂ ಏಳುವುದಿಲ್ಲ, ನಾಲೆಯೂ ಬರುವುದಿಲ್ಲ. ಬಡ್ಡಿ ಮಾತ್ರ ಉಳಿಯುತ್ತದೆ.

ಹೀಗೆಂದ ಕೂಡಲೇ ಗ್ಯಾರಂಟಿ ಯೋಜನೆಗಳ ವಿರೋಧಿ ಎಂದು ಯಾರೂ ತಿಳಿಯಬಾರದು. ಗ್ಯಾರಂಟಿಗಳಿಗೆ ಈ ಬಜೆಟ್ಟಿನಲ್ಲಿ 51,034 ಕೋಟಿ ಇಟ್ಟಿದ್ದಾರೆ. ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ಹೆಣ್ಣುಮಕ್ಕಳು ಬಿ.ಪಿ. ಮಾತ್ರೆ ತರುತ್ತಾರೆ, ಮಕ್ಕಳ ಫೀಸು ಕಟ್ಟುತ್ತಾರೆ. ಆ ದುಡ್ಡು ನಮ್ಮ ಪೇಟೆಬೀದಿಯ ಅಂಗಡಿಗಳಿಗೇ ಬರುತ್ತದೆ. 2024ರ ಆಗಸ್ಟ್‌ನಿಂದ ಸರ್ಕಾರಿ ನೌಕರರ ಸಂಬಳವೂ ಏರಿದೆ. ಅದೂ ಇದೇ ಖರ್ಚಿನಲ್ಲಿದೆ. ಹಾಗಾಗಿ ಒಬ್ಬರ ಕಡೆ ಮಾತ್ರ ಬೆರಳು ತೋರಿಸುವುದು ನ್ಯಾಯವಲ್ಲ. ನಾನು ಕೇಳುವುದು ಇಷ್ಟು: ಕೊಡುವುದನ್ನೆಲ್ಲ ಆದಾಯದಲ್ಲಿ ಕೊಡಿ, ಸಾಲದಲ್ಲಿ ಬೇಡ.

‘ಕೇಂದ್ರ ಸರ್ಕಾರವೂ ಸಾಲ ಮಾಡುತ್ತದಲ್ಲ’ ಎನ್ನುವವರಿದ್ದಾರೆ. ಹೌದು, ಅದರ ಲೆಕ್ಕವೂ ಹಗುರವಲ್ಲ. 2025-26ರ ಕೇಂದ್ರ ಬಜೆಟ್ ಪ್ರಕಾರ ಸಾಲ ಬಿಟ್ಟು 34.96 ಲಕ್ಷ ಕೋಟಿ ಬರುತ್ತದೆ, 50.65 ಲಕ್ಷ ಕೋಟಿ ಖರ್ಚು. ಬಂದ ಪ್ರತಿ ನೂರು ರೂಪಾಯಿಯಲ್ಲಿ 36ಕ್ಕೂ ಜಾಸ್ತಿ ಬಡ್ಡಿಗೇ ಹೋಗುತ್ತದೆ. ಆದರೂ ಅದನ್ನು ಮನೆಗೆ ಹೋಲಿಸುವುದು ಪೂರ್ತಿ ಸರಿಯಲ್ಲ. ನೋಟಿನ ಮೇಲೆ, ರಿಸರ್ವ್ ಬ್ಯಾಂಕಿನ ಮೂಲಕ, ದೇಶಕ್ಕೆ ಹಿಡಿತವಿದೆ. ಸಾಲ ಕೊಟ್ಟವರೂ ಬಹುಪಾಲು ನಮ್ಮ ಬ್ಯಾಂಕು, ಎಲ್‌ಐಸಿ, ಪಿಎಫ್‌ಗಳೇ. ರಾಜ್ಯಕ್ಕೆ ನೋಟು ಅಚ್ಚು ಹಾಕುವ ಅಧಿಕಾರವಿಲ್ಲ. ಜಿಎಸ್‌ಟಿ ಬಂದ ಮೇಲೆ ಬಹಳಷ್ಟು ತೆರಿಗೆಯ ದರವನ್ನು ಒಬ್ಬರೇ ಬದಲಿಸುವ ಹಾಗೂ ಇಲ್ಲ. ಕೇಂದ್ರಕ್ಕೆ ಸಾಲ ಬಾಕಿ ಇರುವ ರಾಜ್ಯ ಹೊಸ ಸಾಲಕ್ಕೆ ಕೇಂದ್ರದ ಒಪ್ಪಿಗೆ ಕೇಳಬೇಕು ಎನ್ನುತ್ತದೆ ಸಂವಿಧಾನದ 293ನೇ ವಿಧಿ. ಹಾಗಾಗಿ ಮನೆಯ ಹೋಲಿಕೆ ಸರಿಯಾಗಿ ಒಪ್ಪುವುದು ರಾಜ್ಯಕ್ಕೆ.

ರಾಜ್ಯದ ಜಿಡಿಪಿಯ, ಅಂದರೆ ರಾಜ್ಯದಲ್ಲಿ ವರ್ಷಕ್ಕೆ ಆಗುವ ಒಟ್ಟು ಉತ್ಪಾದನೆಯ ಮೌಲ್ಯದ, ಶೇ 25ರ ಒಳಗೆ ಸಾಲ, ಶೇ 3ರ ಒಳಗೆ ವಿತ್ತೀಯ ಕೊರತೆ (ಅಸಲು ತೀರಿಸುವುದನ್ನು ಬಿಟ್ಟು, ಒಟ್ಟು ಖರ್ಚಿಗೆ ಆದಾಯ ಎಷ್ಟು ಕಡಿಮೆ ಬೀಳುತ್ತದೋ ಅಷ್ಟು) ಇರಬೇಕು ಎಂದು ನಮ್ಮದೇ ಕಾನೂನಿದೆ. ಈ ಬಜೆಟ್ಟಿನಲ್ಲಿ ಅವು 24.91 ಮತ್ತು 2.95. ಗೆರೆ ದಾಟಿಲ್ಲ ಎಂದು ಸರ್ಕಾರ ಹೇಳುವುದು ನಿಜ. ಆದರೆ ಬರ ಬಂದರೆ ಗತಿ ಏನು? 2023ರಲ್ಲಿ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು, ಕಟ್ಟೆ ತುಂಬಲಿಲ್ಲ, ಮಂಡ್ಯದ ರೈತರು ಬೀದಿಗೆ ಬಂದರು. ರಾಜ್ಯ ಕೇಂದ್ರವನ್ನು 18,171 ಕೋಟಿ ಕೇಳಿತು. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್‌ನಲ್ಲಿ ಬಂದಿದ್ದು 3,454 ಕೋಟಿ. ಇದು ಈ ಊರಿಗೆ ಹೊಸದಲ್ಲ. 1876-78ರ ಬರದಲ್ಲಿ ಮೈಸೂರು ಸಂಸ್ಥಾನದ ಉಳಿತಾಯವೆಲ್ಲ ಕರಗಿ, 80 ಲಕ್ಷ ರೂಪಾಯಿ ಸಾಲ ಹೆಗಲೇರಿತ್ತು. ಒಳ್ಳೆ ಮಳೆಯ ವರ್ಷದಲ್ಲೇ ಗೆರೆ ಮುಟ್ಟಿ ನಿಂತವರು ಕೆಟ್ಟ ವರ್ಷಕ್ಕೆ ಎಲ್ಲಿಂದ ತರುತ್ತಾರೆ?

ಆ ಬರದ ನಂತರ, 1881ರಲ್ಲಿ, ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದು ಸಂಸ್ಥಾನದ ಜಮಾ-ಖರ್ಚನ್ನು ಜನರ ಮುಂದಿಟ್ಟರು. ಈಗ ಬಜೆಟ್ ಪುಸ್ತಕಗಳು ವೆಬ್‌ಸೈಟಿನಲ್ಲಿ ಸಿಗುತ್ತವೆ, ಆದರೆ ಓದಿ ಅರ್ಥ ಮಾಡಿಕೊಳ್ಳುವವರು ಎಷ್ಟು ಜನ? ನಿಮ್ಮ ಪತ್ರಿಕೆ ಪ್ರತಿ ವರ್ಷ ಬಜೆಟ್ ಮರುದಿನ, ಯಾವ ಪಕ್ಷದ ಸರ್ಕಾರವಿದ್ದರೂ, ಕೋಟಿ ತೆಗೆದು ಅರ್ಧ ಪುಟದಷ್ಟು ಮನೆ ಲೆಕ್ಕ ಹಾಕಿಕೊಡಲಿ. ಆದಾಯ, ಖರ್ಚು, ಸಾಲಗಳ ಜೊತೆ ಹಿಂದಿನ ವರ್ಷದ ಅಂಕಿಯೂ ಪಕ್ಕದಲ್ಲಿರಲಿ. ಮೈಸೂರು, ಮಂಡ್ಯ ಜಿಲ್ಲೆಗಳ ಶಾಸಕರಿಗೆ ಅದನ್ನು ತೋರಿಸಿ ಒಂದೇ ಪ್ರಶ್ನೆ ಕೇಳಿ: ಈ 19,262 ಯಾವ ವರ್ಷ ಸೊನ್ನೆಗೆ ಬರುತ್ತದೆ, ಹೇಗೆ? ಅವರ ಉತ್ತರವನ್ನು ಹೆಸರು ಸಮೇತ ಅಚ್ಚು ಹಾಕಿ.

ಇಂತಿ,
ನಿವೃತ್ತ ಕಾಮರ್ಸ್ ಉಪನ್ಯಾಸಕಿ, ಮಂಡ್ಯ