ಕರಗುವಿಕೆಗೆ ಒಂದೇ ಸಾಲಿನ ಸೂತ್ರ ಸಾಲದು

ಮಾನ್ಯರೇ,

ಮೈಸೂರು, ಮಂಡ್ಯ ಭಾಗದ ಪಿಯು ಕಾಲೇಜುಗಳ ನೋಟ್ಸುಗಳಲ್ಲಿ ಸಾವಯವ ಸಂಯುಕ್ತಗಳ ಕರಗುವಿಕೆ ಎಂದರೆ ‘ಧ್ರುವೀಯ ವಸ್ತು ಧ್ರುವೀಯ ದ್ರಾವಕದಲ್ಲಿ ಕರಗುತ್ತದೆ’ ಎಂಬ ಒಂದೇ ಸಾಲು. (ಧ್ರುವೀಯ ಎಂದರೆ ಅಣುವಿನ ಒಂದು ಬದಿ ತುಸು ಧನ, ಇನ್ನೊಂದು ತುಸು ಋಣ ವಿದ್ಯುದಾವೇಶದ್ದು.) ಸಾಲು ತಪ್ಪಲ್ಲ, ಅರ್ಧ ಮಾತ್ರ ಸರಿ. ಅದನ್ನೇ ಬಾಯಿಪಾಠ ಮಾಡಿದ ಮಕ್ಕಳು ಸಿಇಟಿ, ನೀಟ್ ಪ್ರಶ್ನೆಗಳಲ್ಲಿ ಎಡವುತ್ತಾರೆ.

ನೈಟ್ರೋಬೆಂಜೀನಿನ ಡೈಪೋಲ್ ಮೊಮೆಂಟ್, ಅಂದರೆ ಧ್ರುವೀಯತೆಯ ಅಳತೆ, ಸುಮಾರು 4 ಡಿಬೈ (ಅದರ ಮಾನ), ನೀರಿನದಕ್ಕೆ ಎರಡು ಪಟ್ಟಿಗೂ ಹೆಚ್ಚು. ಆದರೂ ಒಂದು ಲೀಟರ್ ನೀರಿನಲ್ಲಿ ಕರಗುವುದು ಎರಡು ಗ್ರಾಂ ಆಸುಪಾಸು. 1,4-ಡೈಆಕ್ಸೇನಿನದು ಅರ್ಧ ಡಿಬೈಗೂ ಕಡಿಮೆ. ಅದು ನೀರಿನೊಂದಿಗೆ ಯಾವ ಪ್ರಮಾಣದಲ್ಲಾದರೂ ಬೆರೆಯುತ್ತದೆ. ಸೂತ್ರದ ಪ್ರಕಾರ ಇದು ತಲೆಕೆಳಗಾಗಬೇಕಿತ್ತು. ಕಾರಣ ಇಷ್ಟೆ: ನೀರು ಕೇಳುವುದು ಇಡೀ ಅಣುವಿನ ಡೈಪೋಲನ್ನಲ್ಲ, ತನ್ನೊಡನೆ ಹೈಡ್ರೋಜನ್ ಬಂಧ (ಒಂದು ಅಣುವಿನ ಹೈಡ್ರೋಜನ್‌ಗೂ ಇನ್ನೊಂದರ ಆಮ್ಲಜನಕದಂಥ ಪರಮಾಣುವಿಗೂ ನಡುವಿನ ಸೆಳೆತ) ಕಟ್ಟಲು ಜಾಗ ಎಲ್ಲಿದೆ ಎಂಬುದನ್ನು. ಡೈಆಕ್ಸೇನಿನ ಎರಡು ಆಮ್ಲಜನಕಗಳು ಎದುರುಬದುರು ಕೂತಿರುವುದರಿಂದ ಡೈಪೋಲ್‌ಗಳು ಹೆಚ್ಚುಕಡಿಮೆ ಒಂದನ್ನೊಂದು ಕಳೆದುಹಾಕುತ್ತವೆ. ಆದರೆ ಎರಡು ಆಮ್ಲಜನಕಗಳೂ ಬಂಧಕ್ಕೆ ಸಿಗುತ್ತವೆ.

ಇನ್ನೊಂದು ಲೆಕ್ಕ, ಒಂದು ಓಎಚ್ (ಆಮ್ಲಜನಕ-ಹೈಡ್ರೋಜನ್) ಗುಂಪು ಎಷ್ಟು ಇಂಗಾಲವನ್ನು ನೀರಿಗೆ ಎಳೆದೊಯ್ಯಬಲ್ಲದು ಎಂಬುದು. ಮಂಡ್ಯದ ಕಬ್ಬಿನಿಂದ ಬರುವ ಸಕ್ಕರೆಯಲ್ಲಿ 12 ಇಂಗಾಲಕ್ಕೆ 8 ಓಎಚ್. ಅದಕ್ಕೇ 100 ಎಂಎಲ್ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ನುಂಗುತ್ತದೆ. ಮೈಸೂರಿನ ಗಂಧದೆಣ್ಣೆಯ ಸ್ಯಾಂಟಲಾಲ್‌ನಲ್ಲಿ 15 ಇಂಗಾಲಕ್ಕೆ ಒಂದೇ ಓಎಚ್, ಹಾಗಾಗಿ ಅದು ನೀರಿಗೆ ಸೇರುವುದಿಲ್ಲ. ಆದರೆ ಅಪ್ಪಟ ಗಂಧದೆಣ್ಣೆ 70 ಶೇಕಡಾ ಆಲ್ಕೋಹಾಲಿನಲ್ಲಿ, ಒಂದು ಭಾಗ ಎಣ್ಣೆಗೆ ಐದು ಭಾಗದಂತೆ, ತಿಳಿಯಾಗಿ ಕರಗಬೇಕು. ಕಡಲೆಕಾಯಿ ಎಣ್ಣೆಯಂಥದ್ದು ಬೆರೆತಿದ್ದರೆ ದ್ರಾವಣ ಮಬ್ಬಾಗುತ್ತದೆ. (ತಿಳಿಯಾದ ಮಾತ್ರಕ್ಕೆ ಎಣ್ಣೆ ಅಪ್ಪಟ ಎಂದಲ್ಲ; ಆಲ್ಕೋಹಾಲಿನಲ್ಲಿ ಕರಗುವ ಕಲಬೆರಕೆ ಈ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ.)

ಇದನ್ನು ಬೋರ್ಡಿನ ಮೇಲೆ ಬರೆಯುವುದಕ್ಕಿಂತ ಲ್ಯಾಬಿನಲ್ಲಿ ತೋರಿಸುವುದು ಸುಲಭ. ಎರಡು ಪ್ರನಾಳಗಳಲ್ಲಿ 5 ಎಂಎಲ್ ಡಿಸ್ಟಿಲ್ಡ್ ವಾಟರ್ ತೆಗೆದುಕೊಂಡು, ಒಂದಕ್ಕೆ 1-ಬ್ಯೂಟನಾಲ್, ಇನ್ನೊಂದಕ್ಕೆ ಟರ್ಷರಿ ಬ್ಯೂಟನಾಲ್ ಅನ್ನು ಪಿಪೆಟ್ಟಿನಲ್ಲಿ 0.2 ಎಂಎಲ್‌ನಂತೆ ಹಾಕಿ ಪ್ರತಿ ಸಲ ಅಲುಗಾಡಿಸಬೇಕು. ಎರಡರ ಅಣುಸೂತ್ರವೂ ಒಂದೇ. ಮೊದಲನೆಯದು 0.4 ಎಂಎಲ್‌ವರೆಗೆ ಕರಗಿ, ಆಮೇಲೆ ಮೇಲೆ ಪದರ ಕಟ್ಟಲು ಶುರುಮಾಡುತ್ತದೆ. 1 ಎಂಎಲ್ ಮುಟ್ಟುವ ಹೊತ್ತಿಗೆ ಪದರ ಎದ್ದು ಕಾಣುತ್ತದೆ. ಎರಡನೆಯದು ಎಷ್ಟು ಹಾಕಿದರೂ ಬೇರೆಯಾಗುವುದಿಲ್ಲ. ಅದರ ಇಂಗಾಲದ ಭಾಗ ಉದ್ದ ಬಾಲವಾಗಿ ಚಾಚದೆ ಉಂಡೆಯಂತೆ ಮುದುಡಿಕೊಂಡಿರುವುದರಿಂದ ನೀರಿನ ಅಣುಗಳಿಗೆ ತೊಂದರೆ ಕಡಿಮೆ. ಸಾಮಾನ್ಯವಾಗಿ ಫಲಿತಾಂಶ ಕೆಡುವುದು ಎರಡು ಕಡೆ. ಪ್ರನಾಳದಲ್ಲಿ ಸೋಪಿನ ಅಂಶ ಉಳಿದಿದ್ದರೆ ಹನಿಗಳು ಹಾಲಿನಂತೆ ಚದುರಿ ನಿಲ್ಲುತ್ತವೆ, ಮಕ್ಕಳು ಅದನ್ನೇ ‘ಕರಗಿತು’ ಎಂದು ಬರೆಯುತ್ತಾರೆ. ಅಲುಗಾಡಿಸಿದ ತಕ್ಷಣ ನೋಡಿದರೂ ಅಷ್ಟೆ. ಎರಡು ನಿಮಿಷ ಸ್ಟ್ಯಾಂಡಿನಲ್ಲಿ ಬಿಡಬೇಕು.

ಬೆಂಜೋಯಿಕ್ ಆಮ್ಲವನ್ನೂ ಸೇರಿಸಿಕೊಳ್ಳಬಹುದು. 0.2 ಗ್ರಾಂ ಪುಡಿ 5 ಎಂಎಲ್ ತಣ್ಣೀರಿನಲ್ಲಿ ಬಹುಪಾಲು ಹಾಗೇ ಉಳಿಯುತ್ತದೆ. 10 ಶೇಕಡಾ ಸೋಡಿಯಂ ಹೈಡ್ರಾಕ್ಸೈಡ್ 1 ಎಂಎಲ್ ಹಾಕಿ ಅಲುಗಾಡಿಸಿದರೆ ಅಯಾನಾಗಿ (ವಿದ್ಯುದಾವೇಶ ಹೊತ್ತ ಕಣವಾಗಿ) ಪೂರ್ತಿ ಕರಗುತ್ತದೆ. ನೀಲಿ ಲಿಟ್ಮಸ್ ಕೆಂಪಾಗುವವರೆಗೆ ಸಾರರಿಕ್ತ (ನೀರು ಬೆರೆಸಿ ತೆಳುಮಾಡಿದ) ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಬಿಳಿ ಪುಡಿ ಮತ್ತೆ ಇಳಿಯುತ್ತದೆ. ನಾಲ್ಕು ಹನಿಗೇ ಕೈಬಿಟ್ಟು ‘ಏನೂ ಬರಲಿಲ್ಲ’ ಎನ್ನುವವರೇ ಹೆಚ್ಚು. ಉಳಿದ ಕ್ಷಾರ ಮೊದಲು ತಟಸ್ಥವಾಗಬೇಕು.

ಪಿಯು ವಿಭಾಗದ ಪ್ರಾಂಶುಪಾಲರು ಒಂದು ಪ್ರಾಯೋಗಿಕ ಅವಧಿಯನ್ನು ಇದಕ್ಕೆ ಬಿಟ್ಟುಕೊಡಲಿ ಎಂಬುದು ನಮ್ಮ ವಿನಂತಿ. ಬರ್ನರ್ ಹತ್ತಿರ ಬ್ಯೂಟನಾಲ್ ಇಡಬಾರದು. ಟರ್ಷರಿ ಬ್ಯೂಟನಾಲ್ ಸುಮಾರು 25 ಡಿಗ್ರಿಗೇ ಗಟ್ಟಿಯಾಗುವುದರಿಂದ ಡಿಸೆಂಬರ್, ಜನವರಿಯಲ್ಲಿ ಬಾಟಲಿಯೊಳಗೆ ಹರಳುಗಟ್ಟಿರುತ್ತದೆ. ಕೆಟ್ಟಿದೆಯೆಂದು ಎಸೆಯಬೇಡಿ. ಮುಚ್ಚಳ ಸಡಿಲಿಸಿ, ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟರೆ ಕರಗುತ್ತದೆ.

– ರಸಾಯನಶಾಸ್ತ್ರ ಉಪನ್ಯಾಸಕರು, ಮಂಡ್ಯ